ಹಲ್ಲಿನ ಹುಳುಕೂ ಬಾಗಿಲಿನ ಲಡ್ಡೂ

"ಮಾಮ, ಡಿಕೇಗೆ ಕನ್ನಡದಲ್ಲಿ ಏನಂತಾರೆ?"

ಭಾನುವಾರ ಬೆಳಿಗ್ಗೆ ತಂಗಿಯ ಮಗಳು ಪುಟ್ಟಿ ಇನ್ನೂ ಚಪ್ಪಲಿ ಬಿಡುತ್ತಿದ್ದಳು, ಪ್ರಶ್ನೆ ಆಗಲೇ ಒಳಗೆ ಬಂದಿತ್ತು. ನಾನು ಪೇಪರಿನಿಂದ ತಲೆ ಎತ್ತುವುದಕ್ಕೆ ಮುಂಚೆಯೇ ನಡುಮನೆಯಿಂದ ಅಮ್ಮ, "ಡೀಕೇನಾ? ಅವರು ಕನಕಪುರದೋರಲ್ವೇನೇ?" ಅಂದಳು. ಅಮ್ಮನಿಗೆ 88 ವರ್ಷ. ಕಿವಿ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ಟೀವಿ ನ್ಯೂಸಿನಿಂದ ತುಂಬಿಕೊಳ್ಳುತ್ತಾಳೆ.

"ಆ ಡೀಕೆ ಅಲ್ಲ ಅಜ್ಜಿ, ಹಲ್ಲಿಗೆ ಬರೋ ಡಿಕೇ."

"ಹಲ್ಲಿಗೆ ಯಾವ ಪಕ್ಷಾನೂ ಬರಬಾರದು ಕಣಮ್ಮ" ಅಂತ ಅಮ್ಮ ಮಾತು ಮುಗಿಸಿದಳು. ಬಾಯಲ್ಲಿ ಉಳಿದಿರುವುದು ಮೂರು ಹಲ್ಲು, ಮೂರೂ ಪಕ್ಷೇತರ.

ಪುಟ್ಟಿ ಹಲ್ಲಿನ ಡಾಕ್ಟರ್ ಓದುತ್ತಿದ್ದಾಳೆ. ಮುಂದಿನ ಭಾನುವಾರ ವಿಜಯಪುರದ ಕಡೆಯ ಒಂದು ಹಳ್ಳಿಯಲ್ಲಿ ಇವರ ಕಾಲೇಜಿನವರು ಉಚಿತ ತಪಾಸಣೆ ಇಟ್ಟುಕೊಂಡಿದ್ದಾರೆ. ವಿಜಯಪುರ ಅಂದರೆ ಗೋಳಗುಮ್ಮಟದ್ದಲ್ಲ, ನಮ್ಮ ದೇವನಹಳ್ಳಿ ತಾಲ್ಲೂಕಿನದು, ರೇಷ್ಮೆ ಗೂಡಿನ ಮಾರುಕಟ್ಟೆ ಇರುವುದು. ಬ್ಯಾನರ್ ಬರೆಸುವ ಕೆಲಸ ಇವಳ ಪಾಲಿಗೆ ಬಂದಿದೆ, ಕಾರಣ ಸೋದರಮಾವ ಕನ್ನಡ ಮೇಷ್ಟ್ರಾಗಿದ್ದವನು ಅಂತ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದಾಳೆ. ರಿಟೈರಾದ ಮೇಲೂ ಸಂಬಳವಿಲ್ಲದೆ ಹೀಗೆ ಕೆಲಸ ಬೀಳುತ್ತಿರುತ್ತದೆ.

"ಕಾಲೇಜಲ್ಲಿ 'ದಂತಕ್ಷಯ' ಅಂತ ಬರ್ಕೊಟ್ಟಿದಾರೆ. ಚೆನ್ನಾಗಿದೆಯಾ?"

ಪದಕ್ಕೇನೂ ದೋಷವಿಲ್ಲ, ಸರ್ಕಾರಿ ಆಸ್ಪತ್ರೆಯ ಗೋಡೆಯ ಮೇಲೂ ಅದೇ ಇರುತ್ತದೆ. ಆದರೆ 'ಕ್ಷಯ' ಕಿವಿಗೆ ಬಿದ್ದದ್ದೇ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವಳ ಕಾಲದಲ್ಲಿ ಕ್ಷಯ ಅಂದರೆ ಒಂದೇ. ಲೋಟ ಬೇರೆ, ತಟ್ಟೆ ಬೇರೆ, ಜಗುಲಿಯ ಮೇಲೆ ಹಾಸಿಗೆ ಬೇರೆ. "ಅಯ್ಯೋ, ಹಲ್ಲಿಗೂ ಬತ್ತದಾ ಅದು? ಯಾರ ಮನೇಲಿ ಬಂದೈತೆ?"

ನಮ್ಮ ಮನೆಗೂ ಆ ಪದಕ್ಕೂ ಹಳೇ ವ್ಯಾಜ್ಯ ಇದೆ. ನನ್ನ ಮದುವೆಯಾದದ್ದು 1986ರಲ್ಲಿ. ಅರವತ್ತು ಸಂವತ್ಸರದ ಸುತ್ತಿನಲ್ಲಿ ಆ ವರ್ಷ ಕಟ್ಟಕಡೆಯದು. ನಮ್ಮ ಪಂಚಾಂಗದಲ್ಲಿ ಅದಕ್ಕೆ 'ಕ್ಷಯ ನಾಮ ಸಂವತ್ಸರ' ಅಂತಲೇ ಅಚ್ಚಾಗಿತ್ತು. ಲಗ್ನಪತ್ರಿಕೆಯ ಮೊದಲ ಸಾಲಿನಲ್ಲೇ 'ಕ್ಷಯ' ಬರೆಸುವುದು ಹೇಗೆ ಅಂತ ಅಪ್ಪ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಆಮೇಲೆ ಯಾರದೋ ಮನೆಯಿಂದ ಇನ್ನೊಂದು ಪಂಚಾಂಗ ತಂದರು, ಅದರಲ್ಲಿ ಅದೇ ವರ್ಷ 'ಅಕ್ಷಯ'! ಎರಡು ಹೆಸರೂ ಚಾಲ್ತಿಯಲ್ಲಿವೆ, ಬೇಕಾದವರು ಬೇಕಾದ್ದು ಹಿಡಿಯಬಹುದು. ಹೀಗೆ ಒಂದು 'ಅ' ಸೇರಿಸಿದ್ದರಿಂದ ನನ್ನ ಸಂಸಾರ ಉಳಿಯಿತು ಅಂತ ಅಪ್ಪ ಕೊನೆಯವರೆಗೂ ನಂಬಿದ್ದರು. ನನ್ನ ಹೆಂಡತಿಗೆ ಈ ವಿಷಯದಲ್ಲಿ ಬೇರೆ ಅಭಿಪ್ರಾಯ ಇದೆ.

"ದಂತಕ್ಷಯ ಬೇಡ ಬಿಡು. ಹುಳುಕು ಅನ್ನು" ಅಂದಳು ಅಮ್ಮ. "ಹುಳುಕು ಹಲ್ಲು. ಎಲ್ಲಾರಿಗೂ ತಿಳೀತದೆ."

ಪುಟ್ಟಿ ತಲೆ ಚಚ್ಚಿಕೊಂಡಳು. ಇವರ ಶಿಬಿರದ ಮೊದಲನೇ ಪಾಠವೇ ಹಲ್ಲಿನಲ್ಲಿ ಹುಳು ಇರುವುದಿಲ್ಲ ಅಂತ. ಹಲ್ಲಿನ ಮೇಲೆ ಅಂಟಿ ಕೂತ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ಹುಳಿ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ, ಗುಂಡಿ ಬೀಳುತ್ತದೆ. ಅಮೆರಿಕದ ಮಿಲ್ಲರ್ ಎಂಬ ದಂತವೈದ್ಯ ಬರ್ಲಿನ್ನಿನಲ್ಲಿದ್ದುಕೊಂಡು ಇದನ್ನು 1890ರಲ್ಲೇ ಪುಸ್ತಕ ಬರೆದು ಹೇಳಿದ್ದಾನೆ. ಅದಕ್ಕೂ ಮೊದಲು, 1728ರಲ್ಲಿ, ಫೋಶಾರ್ ಅನ್ನುವ ಫ್ರೆಂಚ್ ವೈದ್ಯ ಹುಳು ಇದೆಯೋ ಅಂತ ಸೂಕ್ಷ್ಮದರ್ಶಕ ಹಿಡಿದು ನೋಡಿ, ನನಗಂತೂ ಕಾಣಲಿಲ್ಲ ಅಂದಿದ್ದ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ ಪುಟ್ಟಿ ಅಜ್ಜಿಯ ಮುಖ ನೋಡಿದಳು.

"ಅವನಿಗೆ ಕಂಡಿಲ್ಲ ಅಷ್ಟೇ. ನಂಗೆ ಕಂಡೈತೆ."

ಅಮ್ಮ ಕಂಡದ್ದು ಸುಳ್ಳಲ್ಲ. ಸಂತೆಯಲ್ಲಿ ಹಲ್ಲಿನ ಹುಳ ತೆಗೆಯುವವರು ಕೂತಿರುತ್ತಿದ್ದರು. ಕೆಂಡದ ಮೇಲೆ ನೆಲಗುಳ್ಳದ ಬೀಜ ಉದುರಿಸಿ, ಮೇಲೆ ಕೊಳವೆ ಇಟ್ಟು, ಹೊಗೆಯನ್ನು ಬಾಯಿಗೆ ಹಿಡಿಸುವುದು. ಜೊಲ್ಲು ಸುರಿಯುತ್ತಿದ್ದಂತೆ ಕೆಳಗಿನ ತಟ್ಟೆಯ ನೀರಿನಲ್ಲಿ ಬೆಳ್ಳಗೆ ಸಣ್ಣ ಸಣ್ಣದು ತೇಲುತ್ತಿತ್ತು. ಬೀಜ ಸಿಡಿದಾಗ ಹೊರಬೀಳುವ ಅದರ ಮೊಳಕೆ ಅದು, ನೋಡುವುದಕ್ಕೆ ಮಾತ್ರ ಥೇಟ್ ಹುಳು. ಯುರೋಪಿನಲ್ಲೂ ಬೇರೆ ಗಿಡದ ಬೀಜ ಸುಟ್ಟು ಇದೇ ಆಟ ಆಡಿದ್ದಾರೆ. ಬ್ಯಾಬಿಲೋನಿನವರ ಮಣ್ಣಿನ ಹಲಗೆಗಳಲ್ಲಂತೂ, ಹುಳು ದೇವರ ಹತ್ತಿರ ಹೋಗಿ ಹಲ್ಲು ವಸಡಿನ ನಡುವೆ ಮನೆ ಕೇಳುವ ಮಂತ್ರವೇ ಇದೆ. ಸಾವಿರಾರು ವರ್ಷದಿಂದ ಬಾಡಿಗೆ ಕೊಡದೆ ಕೂತಿರುವ ಹುಳುವನ್ನು ಒಂದು ಭಾನುವಾರದ ಶಿಬಿರದಲ್ಲಿ ಖಾಲಿ ಮಾಡಿಸುತ್ತೇನೆ ಅಂತ ನಮ್ಮ ಪುಟ್ಟಿ ಹೊರಟಿದ್ದಾಳೆ.

ಅವಳ ಫಜೀತಿ ಈಗ ಅರ್ಥವಾಯಿತಲ್ಲ? ಹುಳು ಇಲ್ಲ ಅಂತ ಹೇಳಬೇಕು, ಆದರೆ ಹೇಳುವುದಕ್ಕೆ ಇರುವ ಪದದ ಹೊಟ್ಟೆಯಲ್ಲೇ ಹುಳು ಇದೆ.

"ಬೇರೆ ಒಂದು ಪದ ಕೊಡಿ ಮಾಮ. ಡಿಕೇ ಅಂದ್ರೆ ಡಿಕೇ. ಹಲ್ಲಿಗೂ ಆಗಬೇಕು, ಮರಕ್ಕೂ ಆಗಬೇಕು, ಅನ್ನಕ್ಕೂ ಆಗಬೇಕು."

ಅಲ್ಲೇ ಅವಳು ತಪ್ಪಿದ್ದು. ಇಂಗ್ಲಿಷಿನವರು ಹಲ್ಲು, ಎಲೆ, ರಾಜ್ಯ, ಯುರೇನಿಯಂ ಎಲ್ಲವನ್ನೂ ಒಂದೇ ಪದದಲ್ಲಿ ಮಣ್ಣು ಮಾಡುತ್ತಾರೆ. ನಾವು ಹಾಗೆ ಸಾರಾಸಗಟು ಸಂಸ್ಕಾರ ಮಾಡುವ ಜನ ಅಲ್ಲ. ಯಾವುದು ಕೆಟ್ಟಿತು, ಎಷ್ಟು ಕೆಟ್ಟಿತು, ಇನ್ನೂ ತಿನ್ನಬಹುದೋ ಇಲ್ಲವೋ ಅಂತ ವಿಚಾರಿಸಿಕೊಂಡು ಒಂದೊಂದಕ್ಕೂ ಅದರದೇ ಹೆಸರಿಟ್ಟು ಕಳಿಸಿಕೊಡುತ್ತೇವೆ.

ನಂಬಿಕೆ ಇಲ್ಲದಿದ್ದರೆ ಅಡುಗೆಮನೆಗೆ ಬನ್ನಿ. ರಾತ್ರಿ ಉಳಿದ ಮುದ್ದೆ ಬೆಳಿಗ್ಗೆ 'ತಂಗಳು'. ಅದು ಕೆಟ್ಟಿಲ್ಲ, ವಯಸ್ಸಾಗಿದೆ ಅಷ್ಟೇ. ಮಜ್ಜಿಗೆಗೆ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿದರೆ ಮಧ್ಯಾಹ್ನದವರೆಗೆ ಹೊಟ್ಟೆ ತಂಪು. ಉಳಿದ ಅನ್ನ ಗಡಿ ದಾಟಿ ಲೋಳೆ ಬಂದರೆ ಆಗ 'ಹಳಸಿತು'. ತಂಗಳಿಗೂ ಹಳಸಲಿಗೂ ನಡುವೆ ಇರುವ ಗೆರೆ ಗಡಿಯಾರದಲ್ಲಿ ಸಿಕ್ಕುವುದಿಲ್ಲ, ಅಮ್ಮನ ಮೂಗಿನಲ್ಲಿದೆ. ಪಾತ್ರೆಯ ಮುಚ್ಚಳ ಒಂದಂಗುಲ ಎತ್ತಿ, ಮೂಗು ಒಮ್ಮೆ ಆಡಿಸಿ ತೀರ್ಪು ಕೊಡುತ್ತಾಳೆ, ಮೇಲ್ಮನವಿಗೆ ಅವಕಾಶವಿಲ್ಲ. ಹಳಸಿದ್ದಕ್ಕೂ ನಮ್ಮಲ್ಲಿ ಗಿರಾಕಿ ಇದೆ ಅನ್ನಿ. ಅನ್ನ ಹಳಸಿತ್ತು ನಾಯಿ ಹಸಿದಿತ್ತು ಅಂತ ಗಾದೆಯೇ ಇದೆಯಲ್ಲ, ಅರ್ಧ ಮದುವೆಗಳು ಆ ಗಾದೆಯ ಮೇಲೇ ನಿಂತಿವೆ.

ಸಾರು 'ಹುಳಿ ಬಂತು' ಅಂದರೆ ಚರಂಡಿಗೆ. ದೋಸೆ ಹಿಟ್ಟು ಹುಳಿ ಬರಲಿಲ್ಲ ಅಂದರೆ ಮನೆಯಲ್ಲಿ ಸೂತಕದ ಕಳೆ! ಎರಡು ಪಾತ್ರೆಯಲ್ಲೂ ನಡೆದದ್ದು ಹೆಚ್ಚೂಕಡಿಮೆ ಒಂದೇ, ಒಂದಕ್ಕೆ ಬೈಗುಳ, ಒಂದಕ್ಕೆ ತುಪ್ಪ. ಹಾಲು ಕೊಳೆಯುವುದಿಲ್ಲ, 'ಒಡೆಯುತ್ತದೆ', ಗಾಜಿನ ಮರ್ಯಾದೆ ಅದಕ್ಕೆ. ಕೊಬ್ಬರಿ 'ಕನರುತ್ತದೆ', ಎಣ್ಣೆಗೆ 'ಕಮಟು' ಬರುತ್ತದೆ. ಹಿಟ್ಟು 'ಮುಗ್ಗುತ್ತದೆ'. ಬ್ರೆಡ್ಡಿಗೆ 'ಬೂಷ್ಟು'. ಬ್ರೆಡ್ ಹೊರಗಿನಿಂದ ಬಂದದ್ದು, ಆದರೆ ಬೂಷ್ಟು ಹಿಡಿಯುವ ಹೊತ್ತಿಗೆ ಅಚ್ಚ ಕನ್ನಡದ್ದಾಗಿಬಿಡುತ್ತದೆ. ಪೂಜೆಯ ಹೂವು ಬಾಡಿದರೆ ಕಸ ಅನ್ನುವಂತಿಲ್ಲ, 'ನಿರ್ಮಾಲ್ಯ'. ದೇವರಿಗೆ ಒಡೆದ ಕಾಯಿ ಒಳಗೆ ಕೊಳೆತಿದ್ದರೆ ಎಲ್ಲರ ಮುಖ ಬಿಳಿಚಿಕೊಳ್ಳುತ್ತದೆ, ಐನೋರು ಮಾತ್ರ "ಕೆಟ್ಟದ್ದೆಲ್ಲ ಕಾಯಿಗೇ ಹೋಯ್ತು, ಒಳ್ಳೇದಾಯ್ತು" ಅಂತ ಇನ್ನೊಂದು ಕಾಯಿಗೆ ಕೈ ಚಾಚುತ್ತಾರೆ. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು ಅಂತ ಕಲಿಸಿದ ಜನ ನಾವು, ಕೊಳೆತ ಕಾಯಿಗೊಂದು ಸಮಜಾಯಿಷಿ ಹುಡುಕುವುದು ಯಾವ ದೊಡ್ಡ ಮಾತು?

ಇಷ್ಟು ಪದಗಳಲ್ಲಿ ನಮ್ಮ ಪುಟ್ಟಿಯ ಬಾಯಲ್ಲಿ ಉಳಿದಿರುವುದು ಒಂದೇ, 'ಹಾಳಾಯ್ತು'. ಹಾಲು ಹಾಳಾಯ್ತು, ಬ್ರೆಡ್ ಹಾಳಾಯ್ತು, ಫೋನ್ ಹಾಳಾಯ್ತು, ಮೂಡ್ ಹಾಳಾಯ್ತು. ಇನ್ನೂ ಅವಸರವಿದ್ದರೆ 'ಎಕ್ಸ್‌ಪೈರಾಯ್ತು'. ಫ್ರಿಜ್ ಬಂದ ಮೇಲೆ ಮೂಗಿಗೆ ಕೆಲಸ ತಪ್ಪಿತು, ಪ್ಯಾಕೆಟ್ಟಿನ ಹಿಂದೆ ಇರುವೆ ಗಾತ್ರದ ಅಕ್ಷರದಲ್ಲಿ ತಾರೀಕು ಅಚ್ಚಾದ ಮೇಲೆ ನಾಲಗೆಗೂ ತಪ್ಪಿತು. ಮೊಸರನ್ನು ಮೂಸಿ ನೋಡುವ ಬದಲು ಓದಿ ನೋಡುತ್ತಾಳೆ. ಒಂದು ದಿನ ನಮ್ಮನೆಯ ಹುಣಸೆಹಣ್ಣಿನ ಗಡಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಏನು ಹುಡುಕ್ತಿದ್ದೀಯೇ?"

"ಡೇಟು."

"ನಿಮ್ಮಮ್ಮನ ಬಾಣಂತನಕ್ಕೆ ತುಂಬಿಸಿದ್ದು" ಅಂದಳು ಅಮ್ಮ. ಪುಟ್ಟಿ ಗಡಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ಹಳೇ ಹುಣಸೆಹಣ್ಣಿಗೇ ರುಚಿ ಅಂತ ಅವಳಿಗೆ ಹೇಳುವವರು ಯಾರು? ಇವರ ಮುತ್ತಾತಂದಿರು ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ವರ್ಷಗಟ್ಟಲೆ ಇಡುತ್ತಿದ್ದರು. ಸಾಸಿವೆಯಂಥ ಸಣ್ಣ ಕಾಳು, ಹುಳು ಹೊಕ್ಕುವುದಕ್ಕೆ ಜಾಗವೇ ಇಲ್ಲ. ಬರಗಾಲ ಬಂದಾಗ ಹಗೇವು ತೆಗೆಯುತ್ತಿದ್ದರು, ಆದರೂ ಬಾಯಿ ತೆರೆದ ತಕ್ಷಣ ಒಳಗಿಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿಗೆ ಸಿಕ್ಕಿದರೆ ಮನುಷ್ಯನೇ ಎಕ್ಸ್‌ಪೈರಾಗುತ್ತಿದ್ದ.

"ಆಯ್ತು ಮಾಮ, ಊಟ ಬಿಡಿ. ಮರಕ್ಕೆ ಏನಂತಾರೆ?"

ಮರದ ಮಾತು ಬಂದದ್ದಕ್ಕೆ ಕಾರಣ ನಮ್ಮ ಬಾಗಿಲು. ದೇವನಹಳ್ಳಿ ಕೋಟೆಯೊಳಗಿನ ಹಳೇ ಮನೆ ನಮ್ಮದು. ಮಳೆ ಎರಚಲು ಬಡಿದು ಬಡಿದು ಬಾಗಿಲುವಾಡದ ಬುಡ ಮೆತ್ತಗಾಗಿತ್ತು. ಹೋದ ತಿಂಗಳು ಆಚಾರಿಯನ್ನು ಕರೆಸಿದೆ. ಅವರು ಬೆರಳಿನ ಗೆಣ್ಣಿನಿಂದ ಟಕ್ ಟಕ್ ಅಂತ ತಟ್ಟಿ, ಕೊನೆಗೆ ಉಳಿಯ ತುದಿ ಒತ್ತಿದರು, ಉಳಿ ಬೆಣ್ಣೆಯೊಳಗೆ ಹೋದಂತೆ ಹೋಯಿತು. "ಲಡ್ಡಾಗೋಗೈತೆ ಮೇಷ್ಟ್ರೇ" ಅಂದರು. ಆಗ ಪುಟ್ಟಿ ಪಕ್ಕದಲ್ಲೇ ಇದ್ದಳು, ಲಡ್ಡು ಎಲ್ಲಿ ಅಂತ ಕೇಳಿದಳು.

ಅದೇನೋ, ತಿನ್ನುವ ಲಡ್ಡಿಗೂ ಮರದ ಲಡ್ಡಿಗೂ ನಂಟಿದೆಯೋ ಇಲ್ಲವೋ, ಎರಡೂ ಕೈಲಿ ಹಿಡಿದರೆ ಉದುರುತ್ತವೆ. ಮಲೆನಾಡು, ಕರಾವಳಿ ಕಡೆ ಇದನ್ನೇ 'ಕುಂಬಾಯಿತು' ಅನ್ನುತ್ತಾರೆ. ಗೆದ್ದಲು ತಿಂದರೆ ಲಡ್ಡಲ್ಲ, ಅದಕ್ಕೆ ಗೆದ್ದಲು ಹತ್ತಿತು ಅಂತಲೇ ಹೇಳಬೇಕು, ಆರೋಪಿಯ ಹೆಸರು ಗೊತ್ತಿರುವಾಗ ಮುಚ್ಚಿಡಬಾರದು. ಬಾಗಿಲಿನ ಕಬ್ಬಿಣದ ಚಿಲಕಕ್ಕೆ ಹಿಡಿದದ್ದು 'ತುಕ್ಕು', ಒಳಗಿನ ಹಿತ್ತಾಳೆ ಗಂಗಾಳಕ್ಕೆ ಹಿಡಿದದ್ದು 'ಕಿಲುಬು'. ಹಿತ್ತಾಳೆಗೆ ತುಕ್ಕು ಹಿಡಿದಿದೆ ಅಂದು ನೋಡಿ, ಅಮ್ಮ ನಿಮ್ಮ ಕುಲಗೋತ್ರ ವಿಚಾರಿಸುತ್ತಾಳೆ. ತುಕ್ಕಿಗೆ ಮದ್ದಿಲ್ಲ, ಕಿಲುಬಿಗೆ ಮೇಲೆ ಹೇಳಿದ ಆ ಗಡಿಗೆಯ ಹುಣಸೆಹಣ್ಣು ಇದೆ. ಅದಕ್ಕೇ ಇರಬೇಕು, ಕೆಲಸ ಮರೆತ ನಮ್ಮಂಥವರ ಬುದ್ಧಿಗೆ ತುಕ್ಕು ಹಿಡಿಯಿತು ಅನ್ನುತ್ತಾರೆ, ಕಿಲುಬು ಅನ್ನುವಷ್ಟು ಆಸೆಯನ್ನು ಯಾರೂ ಇಟ್ಟುಕೊಂಡಿಲ್ಲ. ಇನ್ನು ಪೆಟ್ಟಿಗೆಯ ತಳದಲ್ಲಿದ್ದ ಅಮ್ಮನ ಧಾರೆ ಸೀರೆ. ಮಡಿಕೆ ಬಿಚ್ಚಿದರೆ ಮಡಿಕೆಯ ಗೆರೆಯಲ್ಲೇ ಬಿಟ್ಟುಕೊಳ್ಳುತ್ತದೆ. ಅದು ಹರಿದದ್ದಲ್ಲ, 'ಪಿಸಿದದ್ದು'. ಹರಿಯುವುದಕ್ಕೆ ಬೇರೆಯವರು ಬೇಕು, ಪಿಸಿಯುವುದಕ್ಕೆ ಕಾಲ ಒಂದೇ ಸಾಕು.

ಪುಟ್ಟಿ ಫೋನಿನಲ್ಲಿ ಎಲ್ಲ ಬರೆದುಕೊಳ್ಳುತ್ತಿದ್ದಳು. ಬರೆದುಕೊಳ್ಳುವ ವಿದ್ಯಾರ್ಥಿ ಕಂಡರೆ ಮೇಷ್ಟ್ರಿಗೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಬಾ, ತೋರಿಸ್ತೀನಿ ಅಂತ ಕೋಟೆಗೋಡೆಯ ಕಡೆಗೆ ಹೊರಡಿಸಿಕೊಂಡು ಹೋದೆ.

1501ರಲ್ಲಿ ಆವತಿ ಮನೆತನದ ಮಲ್ಲಬೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. ಈಗ ನಾವು ನೋಡುವ ಕಲ್ಲಿನದು ಹೈದರಾಲಿಯ ಕಾಲದ್ದು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದ ಕೈಗೆ ಹೋಯಿತು. ಗೌಡರ ಮಣ್ಣು ಮಣ್ಣಿಗೇ ಸೇರಿತು, ಗುಂಡು ಗುಂಡನೆಯ ಕೊತ್ತಳಗಳು ಮಾತ್ರ ಹೊಟ್ಟೆ ಮುಂದೆ ಮಾಡಿಕೊಂಡು ಈಗಲೂ ನಿಂತಿವೆ. ಸಂಜೆ ಹೊತ್ತು ಅದರ ಮೇಲೆ ಜೋಡಿಗಳು ಸೆಲ್ಫಿಗೆ ನಿಲ್ಲುತ್ತಾರೆ, ಹಿಂದೆ ವಿಮಾನ ಬಂದರೆ ಇನ್ನೂ ಒಂದು. ಕಲ್ಲಿನ ಸಂದಿಯಲ್ಲಿ ಅರಳಿ ಗಿಡ ಬೇರು ಬಿಟ್ಟಿರುತ್ತದೆ. ಈಗ ಈ ಗೋಡೆಗೆ ಏನಾಗಿದೆ ಅನ್ನಬೇಕು?

ಪೇಪರಿನವರನ್ನು ಕೇಳಿದರೆ 'ಶಿಥಿಲಾವಸ್ಥೆ' ಅನ್ನುತ್ತಾರೆ. ಅವರ ಹತ್ತಿರ ಇರುವುದು ಅದೊಂದೇ. ಶಾಲೆ, ಸೇತುವೆ, ನೀರಿನ ಟ್ಯಾಂಕು, ಎಲ್ಲವೂ ಶಿಥಿಲಾವಸ್ಥೆಯಲ್ಲಿರುತ್ತವೆ, ಮತ್ತು ಸಾಮಾನ್ಯವಾಗಿ ಸರ್ಕಾರದ್ದೇ ಆಗಿರುತ್ತವೆ. ತನ್ನ ಸ್ವಂತ ಮನೆ ಶಿಥಿಲವಾಗಿದೆ ಅಂದವನನ್ನು ನಾನು ಕಂಡಿಲ್ಲ, 'ಬೀಳೋ ಹಂಗೈತೆ' ಅನ್ನುತ್ತಾನೆ. ನಮ್ಮ ವ್ಯಾಕರಣದಲ್ಲೂ ಒಂದು ಶಿಥಿಲ ಇದೆ, 'ಶಿಥಿಲದ್ವಿತ್ವ'. ಒತ್ತಕ್ಷರ ಇದ್ದರೂ ಹಿಂದಿನ ಅಕ್ಷರ ಗುರುವಾಗುವುದಿಲ್ಲ, ಒತ್ತು ಅಷ್ಟು ಸಡಿಲ. ಒತ್ತಡವಿದ್ದಂತೆ ಕಾಣುತ್ತದೆ, ಭಾರ ಮಾತ್ರ ಬೀಳುವುದಿಲ್ಲ. ಹೈಸ್ಕೂಲಿನಲ್ಲಿ ನಾನು ಮಕ್ಕಳನ್ನು ಹೆದರಿಸುತ್ತಿದ್ದದ್ದೂ ಅದೇ ಜಾತಿಯದು.

ದೇವಸ್ಥಾನವಾದರೆ 'ಜೀರ್ಣ'. ಈ ಪದದ ಚೇಷ್ಟೆ ನೋಡಿ. ತಿಂದದ್ದು ಕರಗಿದರೂ ಜೀರ್ಣ, ಗುಡಿ ಕುಸಿದರೂ ಜೀರ್ಣ. ಸಂಸ್ಕೃತದವರಿಗೆ ಎರಡೂ ಒಂದೇ ಧಾತು, ಹಳತಾಗಿ ಕರಗಿಹೋಗುವುದು. ಆದ್ದರಿಂದ ಗುಡಿಗೊಂದು ಜೀರ್ಣೋದ್ಧಾರ ಸಮಿತಿ ರಚನೆಯಾದಾಗ, ಅದು ಯಾವ ಅರ್ಥದಲ್ಲಿ ಕೆಲಸ ಮಾಡುತ್ತದೆ ಅನ್ನುವುದು ಲೆಕ್ಕಪತ್ರ ಓದಿದ ಮೇಲೆಯೇ ತಿಳಿಯುವುದು. ಯಾವ ಊರಿನದು ಅಂತ ಕೇಳಬೇಡಿ, ಎಲ್ಲ ಊರಿನವರೂ ಪಕ್ಕದೂರಿನ ಕಡೆಗೆ ಬೆರಳು ತೋರಿಸುತ್ತಾರೆ. ಪ್ರಾಮಾಣಿಕ ಸಮಿತಿಗಳೂ ಬೇಕಾದಷ್ಟಿವೆ, ಅವು ಕಲ್ಲಿನ ಕಂಬಕ್ಕೆ ಹಳದಿ ಎನಾಮಲ್ ಬಳಿದು ಬಿಡುತ್ತವೆ. ಎರಡರಲ್ಲಿ ಯಾವುದು ಮೇಲು ಅಂತ ನನಗಿನ್ನೂ ತೀರ್ಮಾನವಾಗಿಲ್ಲ.

ಕೋಟೆಗೆ ಸರಿಹೊಂದುವುದು 'ಪಾಳು'. ಪಾಳುಕೋಟೆ, ಪಾಳುಮಂಟಪ, ಪಾಳುಬಾವಿ. ಅಂದ ಕೂಡಲೇ ಬೆಳುದಿಂಗಳು, ಗೂಬೆ, ಪಾಳೇಗಾರನ ಕೊಪ್ಪರಿಗೆ ಎಲ್ಲ ಕಣ್ಣ ಮುಂದೆ ಬರುತ್ತವೆ. ಇದೇ ಪದ 'ಪ' ಹೋಗಿ 'ಹ' ಬಂದು 'ಹಾಳು' ಆದಾಗ ಬೀದಿ ಜಗಳದ ಮಾತಾಯಿತು. ಹಾಳಾಗಿ ಹೋಗು, ಹಾಳಾದ್ದು ಮಳೆ, ಹಾಳೂರಿಗೆ ಉಳಿದವನೇ ಗೌಡ. ಒಂದೇ ತಾಯಿಯ ಮಕ್ಕಳು, ಒಬ್ಬ ಸಿನಿಮಾಕ್ಕೆ ಹೋದ, ಇನ್ನೊಬ್ಬ ಸಂತೆಗೆ. ಇನ್ನು ಕಂದಾಯ ಇಲಾಖೆಯವರು ಜನ ಬಿಟ್ಟುಹೋದ ಊರನ್ನು ಹಾಳೂರು ಅನ್ನುವುದಿಲ್ಲ, ಕಡತದಲ್ಲಿ 'ಬೇಚರಾಕ್ ಗ್ರಾಮ' ಅಂತ ಬರೆಯುತ್ತಾರೆ. ಪಾರಸಿಯಲ್ಲಿ ಚಿರಾಗ್ ಅಂದರೆ ದೀಪ, ದೀಪವಿಲ್ಲದ ಊರು ಅಂತ ಅರ್ಥ. ಸಾವಿರ ಅರ್ಜಿ ಕೊಟ್ಟರೂ ಕರಗದ ಇಲಾಖೆಯೊಳಗೆ ಇಂಥದ್ದೊಂದು ಕವಿತೆ ಬಚ್ಚಿಟ್ಟುಕೊಂಡಿದೆ! 2008ರ ಮೇನಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ನಮ್ಮ ಕಡೆ ರಾತ್ರಿಯೆಲ್ಲ ಎಷ್ಟು ದೀಪವೆಂದರೆ, ಬೇಚರಾಕ್ ಅನ್ನುವ ಪದವೇ ಬೇಚರಾಕ್ ಆಗಿದೆ.

ಇಲ್ಲಿ ಒಂದು ಗುಟ್ಟು ಹೇಳಬೇಕು, ಪುಟ್ಟಿಗೆ ಹೇಳಿದೆ, ಅವಳು ಆಕಳಿಸಿದಳು, ನೀವಾದರೂ ಕೇಳಿ. ಹಾಳು ಹಿಂದೆ 'ಪಾೞ್' ಆಗಿತ್ತು. ಹುಳು 'ಪುೞು' ಆಗಿತ್ತು. ಅಳಿದುಹೋಗು ಅನ್ನುವಾಗಿನ ಅಳಿ 'ಅೞಿ' ಆಗಿತ್ತು. ಮೂರರಲ್ಲೂ ಇದ್ದದ್ದು ರಳ ಅನ್ನುವ ಅಕ್ಷರ. ತಮಿಳಿನವರೂ ಮಲಯಾಳಿಗಳೂ ನಾಲಗೆ ಮಡಿಸಿ ಈಗಲೂ ಅದನ್ನು ಉಳಿಸಿಕೊಂಡಿದ್ದಾರೆ, ನಮ್ಮಲ್ಲಿ ಯಾವಾಗಲೋ 'ಳ' ಜೊತೆ ಕರಗಿಹೋಯಿತು. 13ನೇ ಶತಮಾನದ ಹೊತ್ತಿಗೇ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಯಾವ್ಯಾವ ಪದದಲ್ಲಿ ರಳ ಬರುತ್ತದೆ ಅಂತ ಪಟ್ಟಿ ಕೊಡಬೇಕಾಯಿತು. ಪಟ್ಟಿ ಬೇಕಾಗಿದೆ ಅಂದರೆ ಕಾಯಿಲೆ ಹತ್ತಿಯಾಗಿತ್ತು ಅಂತಲೇ ಲೆಕ್ಕ, ದಿನಾ ಆಡುವ ಮಾತಿಗೆ ಪಟ್ಟಿ ಯಾರಿಗೆ ಬೇಕು? ಹಾಳು, ಹುಳು, ಅಳಿವು ಮೂರನ್ನೂ ಹೊತ್ತ ಅಕ್ಷರ ತಾನೇ ಹುಳು ಹಿಡಿದು, ಹಾಳಾಗಿ, ಅಳಿದುಹೋಯಿತು. ಕೆಟ್ಟವರ ಸಹವಾಸ ಅಂದರೆ ಇದೇ.

"ಮಾಮ, ಹಲ್ಲು" ಅಂತ ಪುಟ್ಟಿ ನೆನಪಿಸಿದಳು.

ಮನೆಗೆ ಬಂದಾಗ ಅಮ್ಮ ಚಕ್ಕೋತ ಸುಲಿಯುತ್ತಾ ಕೂತಿದ್ದಳು. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಕವೆಂಬ ಸರ್ಕಾರಿ ಮುದ್ರೆ ಬಿದ್ದಿದೆ, ಹಿತ್ತಿಲ ಮರಕ್ಕೆ ಮಾತ್ರ ಅದರ ಸುದ್ದಿ ಮುಟ್ಟಿಲ್ಲ. ಕಿತ್ತು ಮೂರು ವಾರವಾದ ಹಣ್ಣು, ಸಿಪ್ಪೆ ಸುಕ್ಕುಗಟ್ಟಿ ಅಮ್ಮನ ಕೈಗೂ ಅದಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ.

"ಅಜ್ಜಿ, ಅದು ಹಾಳಾಗಿದೆ!"

"ಹಾಳಾಗದೆ? ತಿನ್ನು ಬಾ. ಸುಕ್ಕಾದಷ್ಟೂ ಸಿಹಿ."

ತೊಳೆ ಬಿಡಿಸಿ ಕೊಟ್ಟಳು. ಪುಟ್ಟಿ ಎರಡನೇ ತೊಳೆಗೆ ಕೈ ಚಾಚಿದ್ದು ನಾನು ನೋಡಿದೆ, ಅಮ್ಮ ನೋಡಿಯೂ ನೋಡದ ಹಾಗಿದ್ದಳು.

ಹಣ್ಣಿನ ವಿಷಯದಲ್ಲಿ ಕನ್ನಡ ಬಹಳ ನಾಜೂಕು. ಮಾಗಿತು, ಹಣ್ಣಾಯಿತು, ಕಳಿಯಿತು, ಆಮೇಲೆ ಕೊಳೆಯಿತು. 'ಕಳಿತ' ಹಣ್ಣು ಅಂದರೆ ಬಾಯಲ್ಲಿ ನೀರು, 'ಕೊಳೆತ' ಹಣ್ಣು ಅಂದರೆ ತಿಪ್ಪೆ. ನಡುವೆ ಇರುವುದು ಒಂದು ದಿನ, ಒಂದು ಸ್ವರ. ಆ ತಿಪ್ಪೆಯಲ್ಲೂ ಕಥೆ ಮುಗಿಯುವುದಿಲ್ಲ, ವರ್ಷ ಕಳೆದರೆ ಅದೂ ಕಳಿಯುತ್ತದೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ ಅಂತ ಕೃಷಿ ಇಲಾಖೆಯವರು ಹೇಳುವುದನ್ನು ಕೇಳಿದ್ದೀರಲ್ಲ? ಹಸಿ ಸಗಣಿ ಹೊಲಕ್ಕೆ ಸುರಿದವನನ್ನು ದಡ್ಡ ಅನ್ನುತ್ತಾರೆ, ಕಳಿಯುವವರೆಗೆ ಕಾದವನನ್ನು ಒಕ್ಕಲಿಗ ಅನ್ನುತ್ತಾರೆ. ದ್ರಾಕ್ಷಿತೋಟದವರು ಲೋಡುಗಟ್ಟಲೆ ಗೊಬ್ಬರ ಕೊಳ್ಳುವಾಗ ಕೈಲಿ ಹಿಡಿದು ಹಿಂಡಿ, ಮೂಸಿ, ಚೌಕಾಸಿ ಮಾಡುವುದು ನೋಡಬೇಕು, ಸೆಂಟಿನ ಅಂಗಡಿಯಲ್ಲೂ ಅಷ್ಟು ಗಾಂಭೀರ್ಯ ಇರುವುದಿಲ್ಲ. ಮಕ್ಕಳು ಉಳಿಯದ ಮನೆಯಲ್ಲಿ ಕೂಸಿಗೆ ತಿಪ್ಪೇಶ, ತಿಪ್ಪಮ್ಮ ಅಂತ ಹೆಸರಿಡುತ್ತಿದ್ದರು. ಯಮ ಕೂಡ ತಿಪ್ಪೆಗೆ ಕೈ ಹಾಕುವುದಿಲ್ಲ ಅನ್ನುವ ಭರವಸೆ. ಈಗ ದನ ಇಲ್ಲ, ಕೊಟ್ಟಿಗೆ ಇದ್ದಲ್ಲಿ ಬಾಡಿಗೆ ಮನೆ ಎದ್ದಿದೆ. ತಿಪ್ಪೆಯಲ್ಲಿ ಬೀಳುವುದೆಲ್ಲ ಪ್ಲಾಸ್ಟಿಕ್ಕು, ಅದಕ್ಕೆ ಕಳಿಯುವ ಯೋಗ್ಯತೆಯೂ ಇಲ್ಲ, ಕೊಳೆಯುವ ಯೋಗ್ಯತೆಯೂ ಇಲ್ಲ. 'ತಿಪ್ಪೆ ಸಾರಿಸುವುದು' ಮಾತ್ರ ಭಾಷಣಗಳಲ್ಲಿ ನಡೆದುಕೊಂಡು ಬಂದಿದೆ.

ಮುದುಕರನ್ನೂ ನಾವು ಹಣ್ಣಿನ ಲೆಕ್ಕಕ್ಕೇ ಹಾಕಿದ್ದೇವೆ, ಹಣ್ಣು ಹಣ್ಣು ಮುದುಕಿ. "ನಾನು ಹಣ್ಣಾ?" ಅಂತ ಅಮ್ಮ ಕೇಳಿದಳು. "ಅಲ್ವಾ ಮತ್ತೆ" ಅಂದೆ. "ಹಂಗಾದ್ರೆ ಹಲ್ಲಿಲ್ಲದಿದ್ರೂ ಪರವಾಗಿಲ್ಲ ಬಿಡು" ಅಂದಳು.

ಆಗ ಪುಟ್ಟಿಗೆ ಹೊಳೆದದ್ದು ಇನ್ನೊಂದು ತೊಡಕು. ಶಿಬಿರ ನಡೆಯುವುದು ರೇಷ್ಮೆ ಸಾಕುವ ಊರಿನಲ್ಲಿ. ಅಲ್ಲಿ ಹುಳು ಅಂದರೆ ಅನ್ನ. ಹುಳುಮನೆಗೆ ಚಪ್ಪಲಿ ಬಿಟ್ಟು ಹೋಗುತ್ತಾರೆ, ಹುಳುವಿಗೆ ಜ್ವರ ಬಂದರೆ ಸೊಪ್ಪು ನಿಲ್ಲಿಸಿ ಸದ್ದು ಮಾಡದೆ ಇರುತ್ತಾರೆ. ಪೊರೆ ಬಿಡುವುದಕ್ಕೆ ಅವರು ಜ್ವರ ಅನ್ನುವುದು. ನಾಲ್ಕು ಜ್ವರ ದಾಟಿ ಗೂಡು ಕಟ್ಟಲು ತಯಾರಾದರೆ 'ಹುಳು ಹಣ್ಣಾಯ್ತು' ಅಂತ ಚಂದ್ರಿಕೆಗೆ ಹತ್ತಿಸುತ್ತಾರೆ. ನೋಡಿ, ಹುಳುವೂ ಅಮ್ಮನ ಹಾಗೆ ಹಣ್ಣಾಗುತ್ತದೆ. ಆ ಹುಳು ಕೆಡುವುದಕ್ಕೂ ಒಂದೇ ಹೆಸರಿಲ್ಲ. ಮೈ ಉಬ್ಬಿ ಹಾಲಿನಂಥ ರಸ ಒಸರಿದರೆ ಹಾಲುತೊಂಡೆ. ಸೊಪ್ಪು ಬಿಟ್ಟು, ಸೊರಗಿ, ಕರ್ರಗೆ ಕೊಳೆತು ನಾರಿದರೆ ಸಪ್ಪೆರೋಗ. ಶಿಲೀಂಧ್ರ ಹತ್ತಿ ಸತ್ತದ್ದು ಕೊಳೆಯುವುದೇ ಇಲ್ಲ, ಬೆಳ್ಳಗೆ ಸೀಮೆಸುಣ್ಣದ ತುಂಡಿನಂತೆ ಗಟ್ಟಿಯಾಗುತ್ತದೆ, ಅದಕ್ಕೆ ಸುಣ್ಣಕಟ್ಟು. ಹೆಬ್ಬೆಟ್ಟು ಒತ್ತುತ್ತಿದ್ದ ಹೆಂಗಸರು ಕೂಡ ತಟ್ಟೆ ನೋಡಿದ ಕೂಡಲೇ ಯಾವುದು ಅಂತ ಹೇಳುತ್ತಿದ್ದರು. ಅಂಥ ಊರಿಗೆ ಹೋಗಿ ಹುಳುವಿನಿಂದ ಹಲ್ಲು ಕೆಡುತ್ತದೆ ಅಂದರೆ ಶಿಬಿರಕ್ಕೆ ಕಾಫಿ ಸಿಕ್ಕುತ್ತದೆಯೇ?

ಸಂಜೆಯವರೆಗೆ ಚರ್ಚೆ ನಡೆಯಿತು. 'ಹಲ್ಲು ಸವಕಳಿ' ಅಂದೆ, ಮಣ್ಣಿನ ಇಲಾಖೆ ಅನ್ನಿಸುತ್ತೆ ಅಂದಳು. 'ದಂತಜೀರ್ಣ' ಅಂದೆ, ಹಲ್ಲು ನುಂಗಿ ಅರಗಿಸಿಕೊಂಡ ಹಾಗಿದೆ ಅಂದಳು. 'ಶಿಥಿಲದಂತ' ಅಂದೆ, ಯಾವುದೋ ರಾಕ್ಷಸನ ಹೆಸರಾಯಿತು. ನಮ್ಮ ಸ್ಕೂಲಿನ ಸೈನ್ಸ್ ಮೇಷ್ಟ್ರಿಗೆ ಫೋನ್ ಮಾಡಿದರೆ, ಅವರು 'ವಿಕಿರಣ ಕ್ಷಯ' ಅಂತ ಶುರುಮಾಡಿ, ಕಾರ್ಬನ್-14 ಅರ್ಧವಾಗುವುದಕ್ಕೆ 5,730 ವರ್ಷ ಬೇಕು, ಅದಕ್ಕೆ ಅರ್ಧಾಯು ಅನ್ನುತ್ತಾರೆ ಅಂತ ಪಾಠ ಮಾಡಿದರು. ನಮ್ಮಿಬ್ಬರ ಪಾಠಗಳ ಅರ್ಧಾಯು ಗಂಟೆ ಹೊಡೆದ ಮೇಲೆ ಎರಡು ನಿಮಿಷ ಅಂತ ಇಬ್ಬರೂ ಒಪ್ಪಿಕೊಂಡು ಫೋನ್ ಇಟ್ಟೆವು.

ಕೊನೆಗೆ ಸೋತದ್ದು ಪುಟ್ಟಿ. ಹುಳುಕೇ ಇರಲಿ, ಹುಳು ಇಲ್ಲ ಅಂತ ಮೈಕಿನಲ್ಲಿ ಹೇಳುತ್ತೇನೆ ಅಂದಳು. "ಅದೇ ಸರಿ. ಪದದಲ್ಲಿ ಹುಳು ಇದ್ರೆ ಹಲ್ಲಿಗೇನು ನಷ್ಟ?" ಅಂದಳು ಅಮ್ಮ. ನಾನು ದುಂಡಗೆ ಬರೆದುಕೊಟ್ಟೆ, 'ಉಚಿತ ಹಲ್ಲು ಹುಳುಕು ತಪಾಸಣೆ'. ಅವಳು ಫೋಟೊ ತೆಗೆದು ಫ್ಲೆಕ್ಸ್ ಅಂಗಡಿಗೆ ಕಳಿಸಿದಳು.

ಶನಿವಾರ ರಾತ್ರಿ ಬ್ಯಾನರ್ ಬಂತು. ಹತ್ತಡಿ ಉದ್ದ. ಒಂದು ಕಡೆ ನಗುವ ಹಲ್ಲಿನ ಚಿತ್ರ, ಅದಕ್ಕೆ ಕೈಕಾಲು. ನಡುವೆ ಕೆಂಪಕ್ಷರ. ಫ್ಲೆಕ್ಸ್ ಅಂಗಡಿಯ ಹುಡುಗ ಬುದ್ಧಿವಂತ, ಮೇಷ್ಟ್ರ ಕಾಗುಣಿತ ತಪ್ಪಿದೆ ಅಂದುಕೊಂಡು ಧಾರಾಳವಾಗಿ ತಿದ್ದಿದ್ದಾನೆ, 'ಉಚಿತ ಹಲ್ಲು ಹುಡುಕು ತಪಾಸಣೆ'.

ಪುಟ್ಟಿ ಅಳುವುದೊಂದು ಬಾಕಿ. ಬೆಳಿಗ್ಗೆ ಎಂಟಕ್ಕೆ ಶಿಬಿರ, ಹೊಸದು ಮಾಡಿಸುವುದಕ್ಕೆ ಹೊತ್ತಿಲ್ಲ. ಇನ್ನೊಬ್ಬರಲ್ಲಿ ಹುಳುಕು ಹುಡುಕಿಯೇ ಜನ್ಮ ಕಳೆದವನು ನಾನು, ಆದರೂ ಅವತ್ತು ನನಗೂ ಮಾತು ಹೊರಡಲಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಿದಳು.

"ಸರಿಯಾಗೇ ಐತಲ್ಲೇ. ನಮ್ಮಂಥೋರ ಬಾಯಲ್ಲಿ ಹುಡುಕಿದ್ರೆ ತಾನೆ ಸಿಗೋದು" ಅಂದು, "ನನ್ನೂ ಕರ್ಕೊಂಡೋಗು, ಮೂರು ಸಿಕ್ತವೆ" ಅಂದಳು.